ಎರಡನೇ ಸಹಿ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಅತ್ತಿಗೆಯವರಿಗೆ, ಅವರ ಮಗಳಿಗೆ, ಮ್ಯಾನೇಜರ್ ಸಾಹೇಬರಿಗೆ, ನಮ್ಮ ನಿವೃತ್ತಿ ನಿಧಿಯ ಅಧ್ಯಕ್ಷರಿಗೆ, ಮೆಷಿನ್ ವಿಭಾಗ, ಬೈಂಡಿಂಗ್ ವಿಭಾಗ, ಗೋಡೌನು, ಆಫೀಸು — ಯಾರನ್ನೂ ಬಿಟ್ಟಿಲ್ಲ ತಾನೇ? — ಎಲ್ಲರಿಗೂ. ಹಿಂದೆ ನಿಂತಿರೋರು ಆ ಕಾಗದದ ಬಂಡಲ್‌ಗಳ ಮೇಲೆ ಕೂತ್ಕೊಳ್ಳಿ. ಇವತ್ತು ಯಾರೂ ಬೈಯೋದಿಲ್ಲ.

ಮೈಕು ಕೇಳಿಸ್ತಿದೆಯಾ? ಸರಿ.

ದಿವಂಗತರಾದ ನಮ್ಮ ಹಿರಿಯ ಸಹೋದ್ಯೋಗಿ, ನಾವೆಲ್ಲ ಅಣ್ಣ ಅಂತಿದ್ದವರ ಬಗ್ಗೆ ನಾಲ್ಕು ಮಾತು ಆಡು ಅಂತ ಮ್ಯಾನೇಜರ್ ಸಾಹೇಬ್ರು ಹೇಳಿದ್ದಾರೆ. ನನಗೆ ಭಾಷಣ ಬರೋದಿಲ್ಲ. ನನಗೆ ಬರೋದು ಒಂದೇ ಕೆಲಸ — ಗಟ್ಟಿಯಾಗಿ ಓದೋದು. ಮನೆಯವರಿಗೆ ಇದು ಗೊತ್ತಿರಲಿಕ್ಕಿಲ್ಲ, ಅದಕ್ಕೇ ಹೇಳ್ತೀನಿ. ಮುದ್ರಣಾಲಯದಲ್ಲಿ ಪ್ರೂಫ್ ನೋಡೋಕೆ ಇಬ್ಬರು ಬೇಕು. ಒಬ್ಬ ಮೂಲಪ್ರತಿ ಹಿಡ್ಕೊಂಡು ಓದ್ತಾನೆ, ಇನ್ನೊಬ್ಬರು ಅಚ್ಚಾದ ಹಾಳೆ ಮುಂದಿಟ್ಕೊಂಡು ತಿದ್ದುತ್ತಾರೆ. ಇಪ್ಪತ್ತೆರಡು ವರ್ಷ ನಾನು ಓದಿದೆ, ಅಣ್ಣ ತಿದ್ದಿದ್ರು. ಎರಡನೇ ಮಹಡಿ, ಒಂದು ಕಿಟಕಿ, ಒಂದು ಟ್ಯೂಬ್‌ಲೈಟು, ಮಧ್ಯೆ ಒಂದು ಮೇಜು. ನನ್ನ ಹೆಂಡತಿ ಜೊತೆ ನಾನು ಅಷ್ಟು ಮಾತಾಡಿಲ್ಲ. ಅದನ್ನ ಮಾತು ಅನ್ನೋದಾದ್ರೆ.

ಅವರಿಗೆ ನಾವು ಇಟ್ಟ ಹೆಸರು ‘ಆದ್ರೆ ಅಣ್ಣ’. ಅತ್ತಿಗೆ, ಕ್ಷಮಿಸಿ, ನಿಮಗೆ ಗೊತ್ತಿತ್ತೋ ಇಲ್ವೋ. ಏನು ಹೇಳಿದ್ರೂ ಅವರ ಮೊದಲ ಮಾತು ‘ಆದ್ರೆ’. ಬೈಂಡಿಂಗ್ ಅಕ್ಕನ ಮಗನಿಗೆ ಕೆಲಸ ಸಿಕ್ತು ಅಂತ ಸಿಹಿ ಹಂಚಿದ್ರೆ, ಒಂದು ತುಂಡು ಬಾಯಿಗೆ ಹಾಕ್ಕೊಂಡು, ಹೀಗೆ — ಬೆರಳು ಎತ್ತಿ — ‘ಸಂತೋಷ. ಆದ್ರೆ ಪರ್ಮನೆಂಟೋ ಟೆಂಪರವರಿಯೋ?’ ಸಿಟ್ಟು ಬರ್ತಿತ್ತು. ನನಗೂ ಬರ್ತಿತ್ತು. ಸತ್ತವರನ್ನ ಹೊಗಳಬೇಕು ಅಂತ ನಾನು ಸುಳ್ಳು ಹೇಳೋದಿಲ್ಲ. ಬಿಸಿ ಅನ್ನದ ಮೇಲೆ ತಣ್ಣೀರು ಸುರಿಯೋ ಮನುಷ್ಯ. ಊರಿಗೇ ಒಂದು ದಾರಿಯಾದ್ರೆ ಎಡವಟ್ಟಂಗೆ ಒಂದು ದಾರಿ ಅಂತ ನಾವೇ, ಇದೇ ಹಾಲ್‌ನಲ್ಲಿ, ಅವರ ಬೆನ್ನ ಹಿಂದೆ ಆಡ್ಕೊಂಡಿದ್ದೀವಿ. ಬೆನ್ನ ಹಿಂದೆ ಏನು ಬಂತು, ಮುಖದ ಮುಂದೇನೇ ಆಡ್ಕೊಂಡಿದ್ದೀವಿ.

ಕೆಲಸಕ್ಕೆ ಸೇರಿದ ಮೊದಲ ದಿನ ಅಣ್ಣ ನನಗೆ ಒಂದು ಮಾತು ಹೇಳಿದ್ರು. ‘ನೋಡಪ್ಪ, ಓದುವಾಗ ಅರ್ಥಕ್ಕೆ ಕಿವಿ ಕೊಡಬೇಡ. ಅರ್ಥದ ಹಿಂದೆ ಓಡಿದ್ರೆ ಅಕ್ಷರ ತಪ್ಪಿಹೋಗುತ್ತೆ.’ ಈ ಪಾಠ ನಾನು ಎಷ್ಟು ಚೆನ್ನಾಗಿ ಕಲಿತೆ ಅಂದ್ರೆ — ಮುನ್ನೂರು ಪುಟದ ಪುಸ್ತಕ ಪೂರ್ತಿ ಗಟ್ಟಿಯಾಗಿ ಓದಿ, ಅದರಲ್ಲಿ ಏನಿತ್ತು ಅಂತ ಯಾರಾದ್ರೂ ಕೇಳಿದ್ರೆ ಬ್ಬೆ ಬ್ಬೆ ಅಂತಿದ್ದೆ. ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ. ಅಷ್ಟೇ ನನ್ನ ಪ್ರಪಂಚ. ಅಣ್ಣ ಮಾತ್ರ ಅಕ್ಷರಾನೂ ನೋಡ್ತಿದ್ರು, ಅರ್ಥಾನೂ ನೋಡ್ತಿದ್ರು. ನನಗೆ ಮಾಡಬೇಡ ಅಂದದ್ದನ್ನ ತಾವು ಮಾಡ್ತಿದ್ರು.

ಈಗ ಆ ಕಂಪನಿ ವಿಷಯಕ್ಕೆ ಬರ್ತೀನಿ. ಅಧ್ಯಕ್ಷರೇ, ದಯವಿಟ್ಟು. ಗಡಿಯಾರ ನೋಡಬೇಡಿ. ಇವತ್ತು ಆ ಮಾತು ಬೇಡ ಅಂತ ನೀವು ಬೆಳಿಗ್ಗೆ ಹೇಳಿದ್ರಿ, ನಾನು ಆಯ್ತು ಅಂದೆ. ಆಯ್ತು ಅನ್ನೋದು ನನ್ನ ರೋಗ. ಅದನ್ನೇ ಹೇಳೋಕೆ ಬಂದಿದ್ದೀನಿ.

ಬಟ್ಟೆ ಮಡಚೋ ಯಂತ್ರದ ಕಂಪನಿ. ಮನೆಗೆಲಸವನ್ನೆಲ್ಲ ಮಾಡೋ ಯಂತ್ರಮಾನವ ಬರ್ತಾನೆ, ಮೊದಲ ಹೆಜ್ಜೆ ಬಟ್ಟೆ ಮಡಚೋದು ಅಂತ ಅವರ ಮಾತು. ಅದರ ವಾರ್ಷಿಕ ವರದಿ ಅಚ್ಚಾಗೋದು ನಮ್ಮಲ್ಲೇ, ಹನ್ನೊಂದು ವರ್ಷದಿಂದ. ಕನ್ನಡಿ ಹಾಗೆ ಹೊಳೆಯೋ ಕಾಗದ. ಟೀವಿಯಲ್ಲಿ ದಿನಾ ಅದರದ್ದೇ ಸುದ್ದಿ, ಕೋಟು ಹಾಕ್ಕೊಂಡ ಪಂಡಿತರು ಕೊಳ್ಳಿ ಕೊಳ್ಳಿ ಅಂತ ಕೂಗೋದು. ಕಂಪನಿ ಯಜಮಾನರು ವೇದಿಕೆ ಮೇಲೆ ಯಂತ್ರ ನಿಲ್ಲಿಸಿ ಒಂದು ಬಿಳಿ ಅಂಗಿ ಮಡಚಿಸಿದ್ರು, ಸಾವಿರ ಜನ ಎದ್ದು ಚಪ್ಪಾಳೆ. ಆ ವಿಡಿಯೋ ನಾವು ಕ್ಯಾಂಟೀನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನೋಡಿದ್ವಿ. ಅಣ್ಣ ಟೀ ಕುಡೀತಾ ಏನಂದ್ರು ನೆನಪಿದೆಯಾ? ‘ನನ್ನ ಹೆಂಡತಿ ನಲವತ್ತು ವರ್ಷದಿಂದ ಮಡಚ್ತಿದ್ದಾಳೆ. ಒಬ್ಬನೂ ಚಪ್ಪಾಳೆ ಹೊಡೆದಿಲ್ಲ.’

ನಗಿ, ನಗಿ. ಅತ್ತಿಗೆಯವರೇ ನಗ್ತಿದ್ದಾರೆ.

ಆಮೇಲೆ ಅಣ್ಣ ಹಳೇ ವರದಿಗಳನ್ನೆಲ್ಲ ಗೋಡೌನಿಂದ ತರಿಸಿ ಮೇಜಿನ ಮೇಲೆ ಹರಡಿದ್ರು. ಅವತ್ತಿಗೆ ಎಂಟು ವರ್ಷದ ಎಂಟು ಫೋಟೋ. ಎಂಟರಲ್ಲೂ ಅದೇ ಅಂಗಿ. ಹೇಗೆ ಗೊತ್ತು ಅಂದ್ರೆ, ಮೇಲಿಂದ ಮೂರನೇ ಗುಂಡಿ ಇಲ್ಲ. ಎಂಟು ವರ್ಷದಲ್ಲಿ ಆ ಯಂತ್ರ ಒಂದೇ ಅಂಗಿ ಮಡಚಿದೆ, ಮತ್ತೆ ಯಾರೂ ಆ ಅಂಗಿಗೆ ಗುಂಡಿ ಹೊಲಿದಿಲ್ಲ. ಪ್ರತಿ ವರದಿಯ ಮೊದಲ ಪುಟದಲ್ಲೂ ಯಜಮಾನರ ಪತ್ರ — ‘ನಾವೀಗ ದೊಡ್ಡ ತಿರುವಿನಲ್ಲಿದ್ದೇವೆ, ಮುಂದಿನ ವರ್ಷದಿಂದ ಲಾಭ.’ ಅಣ್ಣ ಅಂದ್ರು, ‘ಎಂಟು ವರ್ಷ ತಿರುಗ್ತಾನೇ ಇದ್ರೆ ಅದನ್ನ ತಿರುವು ಅನ್ನಲ್ಲ ಕಣೋ, ಗಾಣ ಅಂತಾರೆ.’

ಅವತ್ತೇ ಇನ್ನೊಂದು ನಡೀತು. ಇದನ್ನ ನಾನು ಯಾರಿಗೂ ಹೇಳಿಲ್ಲ, ನಾಚಿಕೆ. ನಾನು ಲೆಕ್ಕದ ಪುಟ ಓದ್ತಿದ್ದೆ. ‘ವರ್ಷದ ನಿವ್ವಳ ಫಲಿತಾಂಶ, ಬ್ರಾಕೆಟ್ಟು ಶುರು, ಮುನ್ನೂರ ನಲವತ್ತು ಕೋಟಿ, ಬ್ರಾಕೆಟ್ಟು ಮುಗೀತು.’ ಅಣ್ಣ ಪೆನ್ನು ಕೆಳಗಿಟ್ರು. ‘ಬ್ರಾಕೆಟ್ಟು ಯಾಕಿದೆ ಅಂತ ಗೊತ್ತೇನೋ?’ ನಾನಂದೆ — ಮುಖ್ಯವಾದ ಸಂಖ್ಯೆ, ಅದಕ್ಕೇ ಸುತ್ತ ಬೇಲಿ ಹಾಕಿದ್ದಾರೆ. ಅಣ್ಣ ನಗಲಿಲ್ಲ. ನನ್ನ ಮುಖ ನೋಡಿದ್ರು. ‘ಅದು ನಷ್ಟ. ಲೆಕ್ಕದೋರು ನಷ್ಟಾನ ಹಾಗೇ ಬರೆಯೋದು.’

ಎಂಟು ವರ್ಷ! ಎಂಟು ವರ್ಷ ನನ್ನ ಬಾಯಿಂದಲೇ ಓದಿದ್ದೀನಿ. ನೂರಾರು ಕೋಟಿ ನಷ್ಟ, ಪ್ರತಿ ವರ್ಷ ಹಿಂದಿನ ವರ್ಷಕ್ಕಿಂತ ಹೆಚ್ಚು, ಕಂಚಿನ ಕಂಠದಲ್ಲಿ ಓದಿದ್ದೀನಿ. ಈ ಊರಲ್ಲಿ ಆ ನಷ್ಟವನ್ನ ನನ್ನಷ್ಟು ಜೋರಾಗಿ ಯಾರೂ ಹೇಳಿಲ್ಲ, ಆದರೂ ನನಗೇ ಗೊತ್ತಿರಲಿಲ್ಲ. ಆ ಷೇರು ಕೊಳ್ಳಬೇಕು ಅಂತ ನಿಧಿಯ ಸಭೆಯಲ್ಲಿ ಮೊದಲು ಕೈ ಎತ್ತಿದವರಲ್ಲಿ ನಾನೂ ಒಬ್ಬ.

ಅದು ಮೂರು ವರ್ಷದ ಹಿಂದಿನ ಮಾತು. ನಮ್ಮ ನಿಧಿಯಲ್ಲಿ ಅರವತ್ತಮೂರು ಜನರ ಮುದಿಗಾಲದ ದುಡ್ಡು. ಅರ್ಧ ತೆಗೆದು ಆ ಷೇರಿಗೆ ಹಾಕೋದು ಅಂತ ತೀರ್ಮಾನ. ನಿಧಿಯ ನಿಯಮ ನಿಮಗೆಲ್ಲ ಗೊತ್ತು — ಒಬ್ಬ ಸದಸ್ಯ ಬೇಡ ಅಂದ್ರೆ ಲೆಕ್ಕಕ್ಕಿಲ್ಲ. ಇಬ್ಬರು ಸದಸ್ಯರು ಒಂದೇ ಹಾಳೆಯಲ್ಲಿ ಆಕ್ಷೇಪ ಬರೆದು ಸಹಿ ಹಾಕಿದ್ರೆ ದುಡ್ಡು ಕದಲೋ ಹಾಗಿಲ್ಲ. ನನಗೆ ಬ್ರಾಕೆಟ್ಟಿನ ವಿಷಯ ತಿಳಿದ ಮಾರನೇ ದಿನ ಅಣ್ಣ ಆಕ್ಷೇಪ ಬರೆದ್ರು. ಮೊದಲ ಸಹಿ ಅವರದು. ಎರಡನೇ ಸಹಿ ನನ್ನದು.

ಹೌದು. ನಾನು ಹಾಕಿದ್ದೆ.

ಆಮೇಲೆ ಏನಾಯ್ತು? ಷೇರು ಏರಿತು. ನಾಲ್ಕು ತಿಂಗಳಲ್ಲಿ ಎರಡರಷ್ಟು. ದಿನಾ ಟೀ ಹೊತ್ತಿಗೆ ಎಲ್ಲರೂ ಫೋನ್ ತೆಗೆದು ರೇಟು ನೋಡೋದು, ನಮ್ಮಿಬ್ಬರ ಕಡೆ ಉರಿಗಣ್ಣು ಬಿಡೋದು. ‘ನಿಮ್ಮಿಬ್ಬರಿಂದ ನಮ್ಮ ಮಕ್ಕಳ ಬಾಯಿಗೆ ಮಣ್ಣು’ ಅಂದವರು ಈ ಹಾಲ್‌ನಲ್ಲೇ ಇದ್ದಾರೆ. ಇರಲಿ, ಹೆಸರು ಬೇಡ. ನನ್ನ ಹೆಂಡತಿ ಕೂಡ ಕೇಳಿದ್ಲು — ಅರವತ್ತೊಂದು ಜನ ದಡ್ಡರು, ನೀವಿಬ್ಬರೇ ಜಾಣರಾ? ಅಣ್ಣನಿಗೆ ಅದೆಲ್ಲ ತಾಗಲಿಲ್ಲ. ನನಗೆ ತಾಗಿತು. ಕ್ಯಾಂಟೀನಲ್ಲಿ ನಮ್ಮ ಮೇಜಿಗೆ ಯಾರೂ ಬರ್ತಿರಲಿಲ್ಲ, ಅದನ್ನ ನನ್ನ ಕೈಲಿ ತಡ್ಕೊಳ್ಳೋಕಾಗಲಿಲ್ಲ. ಒಂದು ಶುಕ್ರವಾರ ಅಧ್ಯಕ್ಷರ ಹತ್ತಿರ ಹೋಗಿ ನನ್ನ ಸಹಿ ವಾಪಸು ತಗೊಂಡೆ.

ಮೇಲೆ ಬಂದು ಅಣ್ಣನಿಗೆ ಹೇಳಿದೆ. ಬೈತಾರೆ ಅಂತ ಕಾದೆ. ಬೈದಿದ್ರೆ ಚೆನ್ನಾಗಿತ್ತು. ಅವರು ಸ್ಕೇಲನ್ನ ಸಾಲಿನ ಕೆಳಗೆ ಇಟ್ಟು, ‘ಎಲ್ಲಿದ್ವಿ? ಪುಟ ನಲವತ್ತೊಂದು, ಓದು’ ಅಂದ್ರು. ನಾನು ಓದಿದೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರೋದಿಲ್ಲ ಅಂತಾರೆ. ನನ್ನದು ಹೋಗಿದ್ದು ಕ್ಯಾಂಟೀನಿನ ಒಂದು ಕುರ್ಚಿಗೆ.

ಅರ್ಧ ದುಡ್ಡು ಆ ಷೇರಿಗೆ ಹೋಯ್ತು. ಆಮೇಲಿನ ಕಥೆ ನಿಮ್ಮ ನಿಮ್ಮ ಫೋನಲ್ಲೇ ಇದೆ, ನಾನು ಹೇಳೋದೇನಿದೆ? ನೂರು ಹಾಕಿದ ಕಡೆ ಈಗ ಹದಿನೆಂಟು. ಕಂಪನಿ ಇನ್ನೂ ಲಾಭ ಕಂಡಿಲ್ಲ, ಈ ಸಲದ ವರದಿಯಲ್ಲೂ ಬ್ರಾಕೆಟ್ಟಿದೆ, ಒಳಗಿನ ಸಂಖ್ಯೆ ಆರುನೂರು ದಾಟಿದೆ. ನಾನೇ ಓದಿದ್ದು. ಈಗ ಅವರು ಹಳೇ ಷೇರುದಾರರಿಗೆ ಕಡಿಮೆ ಬೆಲೆಗೆ ಹೊಸ ಷೇರು ಕೊಡ್ತಾರಂತೆ, ಸೋಮವಾರ ಸಂಜೆ ನಾಲ್ಕು ಗಂಟೆ ಕೊನೆ. ನಮ್ಮ ನಿಧಿ ಉಳಿದಿರೋ ಅರ್ಧಾನೂ ಅಲ್ಲಿಗೇ ಹಾಕುತ್ತೆ ಅಂತ ತೀರ್ಮಾನವಾಗಿದೆ. ಕಡಿಮೆಗೆ ಇನ್ನಷ್ಟು ಕೊಂಡ್ರೆ ನಾವು ಕೊಂಡ ಸರಾಸರಿ ಬೆಲೆ ಇಳಿಯುತ್ತೆ, ಸ್ವಲ್ಪ ಏರಿದ್ರೂ ಹಳೇ ನಷ್ಟ ತುಂಬುತ್ತೆ — ಈ ಲೆಕ್ಕ ನಾನೂ ಹಾಕಿದ್ದೀನಿ. ಹಾಕಿ ಹಾಕಿ ನಿದ್ದೆಗೆಟ್ಟಿದ್ದೀನಿ. ಮುಳುಗ್ತಿರೋ ದೋಣಿಗೆ ಮನೆ ಸಾಮಾನೂ ತಂದು ತುಂಬೋ ಲೆಕ್ಕ ಅದು.

ಅಣ್ಣ ಮತ್ತೆ ಆಕ್ಷೇಪ ಬರೆದ್ರು. ಮೊದಲ ಸಹಿ ಅವರದು. ಎರಡನೇ ಸಹಿಗಾಗಿ ಎರಡು ತಿಂಗಳು — ಎರಡು ತಿಂಗಳು ಕಣ್ರೀ — ಆ ಹಾಳೆ ಹಿಡ್ಕೊಂಡು ವಿಭಾಗ ವಿಭಾಗ ಅಲೆದ್ರು. ಮೆಷಿನ್ನಿನವರು ಮೆಷಿನ್ ಸದ್ದು ಜೋರು ಮಾಡಿದ್ರು. ಬೈಂಡಿಂಗಿನವರು ಆಮೇಲೆ ಬನ್ನಿ ಅಂದ್ರು. ಆಫೀಸಿನವರು, ‘ಅಣ್ಣ, ನಿಮಗೆ ವಯಸ್ಸಾಯ್ತು, ಹೊಸ ಕಾಲ ನಿಮಗೆ ಅರ್ಥವಾಗಲ್ಲ’ ಅಂದ್ರು. ಅರವತ್ತೊಂದು ಜನರ ಹತ್ತಿರ ಹೋದ್ರು. ನನ್ನ ಹತ್ತಿರ ಬರಲಿಲ್ಲ. ಕೇಳಿದ್ರೆ ನನಗೆ ಮುಜುಗರ ಅಂತ ಬರಲಿಲ್ಲ. ಅಷ್ಟು ಒಳ್ಳೆಯತನ ಆ ಮನುಷ್ಯನಿಗೆ ಯಾಕೆ ಬೇಕಿತ್ತು?

ಕಳೆದ ವಾರ ಮಂಗಳವಾರ ಬಂದ್ರು. ಊಟದ ಹೊತ್ತು. ನಾನು ಡಬ್ಬಿ ಮುಂದಿಟ್ಕೊಂಡು ಮೂಲೆ ಮೇಜಲ್ಲಿ ಕೂತಿದ್ದೆ. ದೂರದಿಂದಲೇ ಕಂಡ್ರು, ಕೈಯಲ್ಲಿ ಆ ಹಾಳೆ, ನಾಲ್ಕಾಗಿ ಮಡಚಿದ್ದು. ಇನ್ನು ಉಳಿದವನು ನಾನೊಬ್ಬನೇ.

ಒಂದು ನಿಮಿಷ ತಡೀರಿ. ನೀರು — ಬೇಡ, ಬೇಡ. ಹೇಳ್ತೀನಿ.

ನಾನು ಫೋನ್ ಕಿವಿಗಿಟ್ಕೊಂಡೆ. ‘ಹಾಂ, ಹೇಳಿ ಸಾರ್, ಹೌದು ಸಾರ್’ ಅಂತ ಮಾತಾಡಿದೆ. ಆ ಕಡೆ ಯಾರೂ ಇರಲಿಲ್ಲ. ಅಣ್ಣ ಮೇಜಿನ ಪಕ್ಕ ನಿಂತ್ರು. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ನಾನು ತಲೆ ಎತ್ತಲಿಲ್ಲ, ಹೌದು ಸಾರ್, ಹೌದು ಸಾರ್ ಅಂತಾನೇ ಇದ್ದೆ. ಆಮೇಲೆ ಅವರು ನನ್ನ ಹೆಗಲು ಹೀಗೆ ಮೆಲ್ಲಗೆ ತಟ್ಟಿ, ಊಟ ಮಾಡು ಅನ್ನೋ ಹಾಗೆ ಕೈಸನ್ನೆ ಮಾಡಿ ಹೋದ್ರು. ಎರಡನೇ ಮಹಡಿಗೆ ಮೆಟ್ಟಿಲು ಹತ್ತಿ ಹೋದ್ರು. ನಮ್ಮಲ್ಲಿ ಲಿಫ್ಟು ಇರೋದು ಕಾಗದಕ್ಕೆ, ಮನುಷ್ಯರಿಗಲ್ಲ. ಅರ್ಧ ಗಂಟೆ ಬಿಟ್ಟು ನಾನು ಹೋಗಿ ನೋಡಿದಾಗ ಮೆಟ್ಟಿಲ ತಿರುವಿನಲ್ಲಿ, ಕಾಗದದ ಬಂಡಲ್ ಮೇಲೆ, ಗೋಡೆಗೆ ಒರಗಿ ಕೂತಿದ್ರು. ಸುಸ್ತಾಗಿ ಕೂತಿದ್ದಾರೆ ಅಂದ್ಕೊಂಡೆ. ‘ಅಣ್ಣ, ಫೋನ್ ಬಂದಿತ್ತು’ ಅಂತ ಸುಳ್ಳು ಹೇಳಿದೆ. ಅವರಿಗೆ ಕೇಳಿಸಲಿಲ್ಲ.

ಅತ್ತಿಗೆ, ನಿಮ್ಮ ಮನೆಗೆ ಬಂದಾಗ ಇದನ್ನ ಹೇಳೋಕೆ ಬಾಯಿ ಬರಲಿಲ್ಲ. ಇಷ್ಟು ಜನರ ಮುಂದೆ ಹೇಳ್ತಿದ್ದೀನಿ. ಒಬ್ಬೊಬ್ಬರ ಮುಂದೆ ಸುಳ್ಳು ಹೇಳೋದು ನನಗೆ ಸುಲಭ.

ಆಸ್ಪತ್ರೆ ಪಡಸಾಲೆಯಲ್ಲಿ ನಮ್ಮ ಅಧ್ಯಕ್ಷರು ಒಂದು ಮಾತಂದ್ರು. ‘ಪಾಪ. ಇನ್ನೇನು, ಸದಸ್ಯರೇ ಇಲ್ಲದ ಮೇಲೆ ಅವರ ಆಕ್ಷೇಪ ಬಿದ್ದುಹೋಗುತ್ತೆ, ಫೈಲು ಮುಂದಕ್ಕೆ ಹೋಗುತ್ತೆ.’ ಅಧ್ಯಕ್ಷರೇ, ನೀವು ಕೆಟ್ಟವರಲ್ಲ. ಇನ್ನು ಎಂಟು ತಿಂಗಳಿಗೆ ನಿಮ್ಮ ನಿವೃತ್ತಿ. ಹೋದದ್ದು ಬಂದುಬಿಡಲಿ ಅನ್ನೋ ಆಸೆ ನಿಮಗಿಂತ ಯಾರಿಗೆ ಹೆಚ್ಚಿರುತ್ತೆ? ನಾನು ನಿಮ್ಮನ್ನ ಬೈತಿಲ್ಲ. ಕೈ ಮುಗಿದು ಕೇಳ್ತಿದ್ದೀನಿ. ಉಳಿದ ಅರ್ಧ ನಮ್ಮ ಔಷಧಿ, ನಮ್ಮ ಬಾಡಿಗೆ, ನಮ್ಮ ಅನ್ನ. ಅದೂ ಹೋದ್ರೆ ಎಪ್ಪತ್ತನೇ ವಯಸ್ಸಲ್ಲಿ ನಮಗೆ ಕೆಲಸ ಕೊಡೋರು ಯಾರು? ಆ ಯಂತ್ರ ಕೊಡುತ್ತಾ?

ಆ ಯಂತ್ರ ಮುಂದೊಂದು ದಿನ ಬಟ್ಟೆ ಮಡಚಬಹುದು. ಪಾತ್ರೆ ತೊಳೀಬಹುದು, ಕಂಪನಿ ಲಾಭಾನೂ ಮಾಡಬಹುದು. ನನಗೇನು ಜ್ಯೋತಿಷ್ಯ ಬರುತ್ತಾ? ಅಣ್ಣನೂ ಹಾಗೆ ಅಂತಿದ್ರು. ಕೂಸು ಹುಟ್ಟೋದು ಬೇಡ ಅಂತಿಲ್ಲ, ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋಕೆ ನಮ್ಮ ಮೈಮೇಲಿನ ಬಟ್ಟೆ ಯಾಕೆ ಹರೀಬೇಕು ಅಂತಿದ್ರು. ಇನ್ನೊಂದು ಗೊತ್ತಾ ನಿಮಗೆ? ಪ್ರತಿ ವರ್ಷ ಆ ವರದಿಯ ಪ್ರೂಫ್ ಬಂದ ಕೂಡಲೇ ಅಣ್ಣ ಮೊದಲು ತೆಗೀತಿದ್ದದ್ದು ಲೆಕ್ಕದ ಪುಟ. ತಾವು ಹೇಳಿದ್ದೇ ನಿಜ ಆಯ್ತು ಅಂತ ಬೀಗೋಕೆ ನೋಡ್ತಾರೆ ಅಂತ ನಾನಂದ್ಕೊಂಡಿದ್ದೆ. ಮೊನ್ನೆ ಮಗಳು ಹೇಳಿದ್ಲು. ‘ಇಲ್ಲ ಚಿಕ್ಕಪ್ಪ, ಅಪ್ಪ ಆ ದಿನ ಮನೆಯಿಂದ ಹೊರಡುವಾಗ ಹೇಳ್ತಿದ್ರು, ಈ ಸಲ ನಾನು ಸುಳ್ಳಾದ್ರೆ ಸಾಕು, ಅಷ್ಟು ಜನ ಬದುಕ್ಕೊಳ್ತಾರೆ ಅಂತ.’

ಸುಳ್ಳಾಗೋಕೆ ಕಾದ ಮನುಷ್ಯನನ್ನ ನಾವು ಹೊಟ್ಟೆಕಿಚ್ಚಿನವನು ಅಂದ್ವಿ.

ಮಾತು ಮುಗಿಸ್ತೀನಿ. ಇಲ್ಲಿ, ಫೋಟೋ ಮುಂದೆ, ಒಂದು ಹಾಳೆ ಇದೆ. ಹೊಸ ಆಕ್ಷೇಪ. ಬರೆದಿರೋದು ನಾನು. ಮೊದಲ ಸಹಿ ನನ್ನದು, ಬೆಳಿಗ್ಗೆ ಹಾಕಿದೆ. ಎರಡನೇ ಸಾಲು ಖಾಲಿ.

ನನ್ನನ್ನ ನೀವು ನಂಬಬೇಡಿ. ನಾನೇ ನನ್ನನ್ನ ನಂಬೋದಿಲ್ಲ. ಸೋಮವಾರ ನಾಲ್ಕು ಗಂಟೆಯ ಒಳಗೆ ಯಾರಾದ್ರೂ ಎರಡು ಒಳ್ಳೆ ಮಾತಾಡಿ, ಒಂದು ಟೀ ಕುಡಿಸಿದ್ರೆ ನಾನು ಹೋಗಿ ಸಹಿ ವಾಪಸು ತಗೊಂಡು ಬಂದುಬಿಡ್ತೀನಿ. ಅಷ್ಟು ಹೇಡಿ ನಾನು, ಒಂದು ಸಲ ಮಾಡಿ ತೋರಿಸಿದ್ದೀನಿ. ಅದಕ್ಕೇ ಪಕ್ಕದಲ್ಲಿ ಒಬ್ಬರು ಬೇಕು. ನಿಯಮಕ್ಕೂ ಬೇಕು, ನನಗೂ ಬೇಕು. ಅಣ್ಣನ ಜೊತೆ ನಿಲ್ಲೋ ಧೈರ್ಯ ನಮಗೆ ಯಾರಿಗೂ ಇರಲಿಲ್ಲ. ನನ್ನಂಥವನ ಜೊತೆ ನಿಲ್ಲೋಕೆ ಇನ್ನೂ ಹೆಚ್ಚು ಧೈರ್ಯ ಬೇಕು ಅಂತ ಗೊತ್ತು. ಆದರೂ ಕೇಳ್ತಿದ್ದೀನಿ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಅಗಲಿದ ಹಿರಿಯರ ಆತ್ಮಕ್ಕೆ ಶಾಂತಿ ಕೋರಿ ಒಂದು ನಿಮಿಷ ಮೌನ. ಫೋನುಗಳನ್ನ ಜೇಬಲ್ಲಿ ಇಡಿ. ಮ್ಯಾನೇಜರ್ ಸಾಹೇಬ್ರು ಸಮಯ ನೋಡ್ತಾರೆ.

ನಿಮಿಷ ಮುಗಿದು ಅವರು ಸಾಕು ಅಂದಾಗ ಎಲ್ಲರೂ ಕೂತ್ಕೊಳ್ಳಿ. ನಾನು ಯಾರನ್ನೂ ತಪ್ಪು ತಿಳಿಯೋದಿಲ್ಲ. ಆದ್ರೆ ಒಬ್ಬರು — ಯಾರಾದ್ರೂ ಸರಿ, ಯಾವ ವಿಭಾಗದವರಾದ್ರೂ ಸರಿ, ಒಬ್ಬರೇ ಒಬ್ಬರು — ಕೂತ್ಕೋಬೇಡಿ.